ಕಾಲುವೆಗೆ ಬಿಟ್ಟ ಸಸಿ

ನಮ್ಮ ಮನೆಯಲ್ಲಿ ‘ಗೊತ್ತಿಲ್ಲ’ ಎನ್ನುವ ಹಕ್ಕು ಎಲ್ಲರಿಗೂ ಇತ್ತು, ನನಗೊಬ್ಬಳಿಗೆ ಇರಲಿಲ್ಲ. ಗಂಡು ಹೆಣ್ಣು ಎಲ್ಲರನ್ನೂ ಸೇರಿಸಿ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಸಂತೆಕಲ್ಲೂರಿನಿಂದ ಲಿಂಗಸುಗೂರಿಗೆ ಮೂರು ವರ್ಷ ದಿನಾ ಬಸ್ಸಿನಲ್ಲಿ ಹೋಗಿ ಬಂದು, ಬಸ್ಸಿನಲ್ಲಿ ನಿಂತೇ ಓದಿ, ಎಂಬತ್ತರ ದಶಕದ ಕೊನೆಯಲ್ಲಿ ಬಿಎಸ್ಸಿ ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ತಟ್ಟೆಯಲ್ಲಿಟ್ಟು ಕೊಟ್ಟಿದ್ದಲ್ಲ ಅದು.

ಫಲಿತಾಂಶ ಬಂದ ವಾರದಿಂದಲೇ ಓಣಿಯವರು ನಮ್ಮ ಕಟ್ಟೆಗೆ ಕಾಗದ ಹಿಡಿದುಕೊಂಡು ಬರತೊಡಗಿದರು. ತಹಶೀಲ್ ಕಚೇರಿಯ ನೋಟೀಸು, ಗುಳಿಗೆಯ ಚೀಟಿ, ಔಷಧ ಹೊಡೆಯುವ ಡಬ್ಬಿಯ ಮೇಲಿನ ಸಣ್ಣಕ್ಷರ. ಒಬ್ಬ ಮುದುಕ ತನ್ನ ಎಮ್ಮೆ ಎರಡು ವರ್ಷದಿಂದ ಯಾಕೆ ಗಬ್ಬ ನಿಂತಿಲ್ಲ ಎಂದು ಕೇಳಿಕೊಂಡು ಬಂದ. ಅವನಿಗೂ ಒಂದು ಉತ್ತರ ಕೊಟ್ಟು ಕಳಿಸಿದೆ. ಗೊತ್ತಿದ್ದದ್ದು ಅರ್ಧ, ಅಂದಾಜು ಅರ್ಧ. ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳುತ್ತಿದ್ದ. ಹಣೆಯ ತುಂಬ ವಿಭೂತಿ, ಕಣ್ಣಲ್ಲಿ ಅದೊಂದು ಬೆಳಕು. ಆ ಮುಖ ನೋಡಿಕೊಂಡು ಗೊತ್ತಿಲ್ಲ ಎನ್ನಲು ನನ್ನ ನಾಲಿಗೆ ಏಳುತ್ತಿರಲಿಲ್ಲ.

ಅಪ್ಪ ಸಿಂಧನೂರು ಕಡೆಯ ಒಂದು ಉಪಕಾಲುವೆಯ ಮೇಲೆ ಲಸ್ಕರ್ ಆಗಿದ್ದ. ಲಸ್ಕರ್ ಎಂದರೆ ಗೇಟು ಎತ್ತಿ ಇಳಿಸುವವನು. ವಳಕಮದಿನ್ನಿಯ ಹತ್ತಿರ ಕಾಲುವೆ ದಂಡೆಯ ಕೋಣೆಯೊಂದರಲ್ಲಿ ವಾರವಿಡೀ ಇದ್ದು, ಒಂದು ದಿನ ಮಾತ್ರ ಊರಿಗೆ ಬರುತ್ತಿದ್ದ. ನಮ್ಮ ಊರು ಮಳೆ ನಂಬಿದ ಊರು, ಜೋಳ ತೊಗರಿಯ ನೆಲ. ಅಪ್ಪನ ಕೆಲಸ ಮಾತ್ರ ನೀರಿನಲ್ಲಿ. ಕಬ್ಬಿಣದ ಹಿಡಿಕೆಯನ್ನು ಇಷ್ಟು ಸುತ್ತು ತಿರುಗಿಸಿದರೆ ಇಷ್ಟು ನೀರು ಎನ್ನುವುದು ಅವನ ಮೊಣಕೈಗೆ ಗೊತ್ತಿತ್ತು. ಅವನ ಲೆಕ್ಕದಲ್ಲಿ ಜಗತ್ತಿನಲ್ಲಿ ಎರಡೇ ಬಗೆಯ ಜನ. ಕಾಲುವೆಯ ಮೇಲಿನವರು, ಕಾಲುವೆಯ ಕೊನೆಯವರು. ಮೇಲಿನವರು ಕುಡಿದು ಉಳಿದರೆ ಕೊನೆಯವರಿಗೆ. ಕಾಯುವವನೊಬ್ಬ ಇರದಿದ್ದರೆ ನೀರು ಎಂದೂ ಕೊನೆ ಮುಟ್ಟುವುದಿಲ್ಲ ಎಂದು ಅವನು ದೇವರ ಮೇಲಿನ ನಂಬಿಕೆಯಷ್ಟೇ ಗಟ್ಟಿಯಾಗಿ ನಂಬಿದ್ದ.

ಇನ್ನು ಅಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟಳು. ಯಾರೂ ಬಿಡಿಸಲಿಲ್ಲ, ತಾನೇ ಬಿಟ್ಟಳು. ಅವ್ವ ಹೊಲಕ್ಕೆ ಹೋದರೆ ಮನೆ ನೋಡಲು ಒಂದು ಜೋಡಿ ಕೈ ಬೇಕಿತ್ತು. “ಇಬ್ರೂ ಓದಕೋಂತ ಕುಂತ್ರ ರೊಟ್ಟಿ ಯಾರು ಬಡೀತಾರ? ನೀ ಓದು, ನಾ ಬಡೀತೀನಿ” ಎಂದಳು. ಅದನ್ನು ತ್ಯಾಗದಂತೆ ಹೇಳಲಿಲ್ಲ. ಕೆಲಸ ಹಂಚಿಕೊಂಡಂತೆ ಹೇಳಿದಳು. ಆಮೇಲೆ ನಾನು ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದಾಗಲೆಲ್ಲ, “ನನ್ನ ರೊಟ್ಟಿ ದಂಡ ಮಾಡಿದ್ಯಲ್ಲ ಬೇ” ಎನ್ನುತ್ತಿದ್ದಳು.

ನಾಟಿಯ ತಿಂಗಳುಗಳಲ್ಲಿ ನಮ್ಮೂರಿನ ಹೆಂಗಸರು ಗುಂಪು ಕಟ್ಟಿಕೊಂಡು ಕಾಲುವೆ ಸೀಮೆಗೆ ಭತ್ತದ ಸಸಿ ಹಚ್ಚಲು ಹೋಗುತ್ತಿದ್ದರು. ಅಕ್ಕ ಆ ಗುಂಪಿನಲ್ಲಿ ಎಲ್ಲರಿಗಿಂತ ಚುರುಕು. ಹಿಂದಕ್ಕೆ ಹೆಜ್ಜೆ ಇಡುತ್ತ, ಎಡಗೈಯ ಸಸಿ ಕಟ್ಟಿನಿಂದ ಬಲಗೈ ಕಿತ್ತು ಕೆಸರಿಗೆ ಒತ್ತುವುದು ಕಣ್ಣಿಗೆ ಕಾಣದಷ್ಟು ಬೇಗ. ಬೆಳಗಿನ ಮೊದಲ ಬಸ್ಸಿಗೆ ಮಸ್ಕಿಗೆ ಹೋಗಿ, ಅಲ್ಲಿಂದ ಸಿಂಧನೂರಿನ ಬಸ್ಸು ಹಿಡಿದು, ವಳಕಮದಿನ್ನಿಯ ದಾರಿ ಸೀಳುವ ಕಡೆ ಕಾಲುವೆಯ ಪೂಲಿನ, ಅಂದರೆ ಸಣ್ಣ ಸೇತುವೆಯ, ಹತ್ತಿರ ಇಳಿಯಬೇಕು. ಅಲ್ಲಿ ಸ್ಟಾಪಿಲ್ಲ. ಪೂಲಿನ ಉಬ್ಬಿಗೆ ಡ್ರೈವರ್ ಬಸ್ಸನ್ನು ಜಗ್ಗಿ ನಿಧಾನ ಮಾಡುತ್ತಾನೆ, ಅಷ್ಟರಲ್ಲೇ ಇಪ್ಪತ್ತು ಹೆಂಗಸರು ಬುತ್ತಿ ಗಂಟು ಸಮೇತ ಇಳಿದಿರಬೇಕು. ಅಕ್ಕ ಮಸ್ಕಿಯಿಂದ ಅಲ್ಲಿಯವರೆಗೆ ಸರಳು ಹಿಡಿದು ನಿಂತೇ ನಿದ್ದೆ ಮಾಡುತ್ತಿದ್ದಳು. ಪೂಲಿಗೆ ಸರಿಯಾಗಿ ಇಳಿಯುತ್ತಿದ್ದಳು.

ಕಾಲೇಜಿನ ರಜೆಯಲ್ಲಿ ಎರಡು ಸಲ ನಾನೂ ಜೊತೆಗೆ ಹೋದೆ. ಎರಡು ಸಲವೂ, ಕಣ್ಣು ಅಗಲ ತೆರೆದುಕೊಂಡು ಕಿಟಕಿಯಿಂದಲೇ ನೋಡುತ್ತಿದ್ದರೂ, ಪೂಲು ದಾಟಿ ಎಷ್ಟೋ ದೂರ ಹೋಗಿ ಇಳಿದು ಹಿಂದಕ್ಕೆ ನಡೆದು ಬಂದೆ. ಹೆಂಗಸರು ಕೆಸರಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಓದಿದಾಕಿ ನೇರ ಸಿಂಧನೂರು ನೋಡಿಕೊಂಡೇ ಬಂದಳು ಎಂದರು. ಅಕ್ಕ ನಗಲಿಲ್ಲ. ನನಗೆ ಹೇಳಿಕೊಟ್ಟಳು. “ಕಣ್ಣಿಂದ ಅಲ್ಲ ಬೇ ಇಳಿಯೋದು. ಕೆಸರಿನ ವಾಸನಿ ಬರ್ತದ, ಬಸ್ಸು ಜಗ್ತದ. ಆವಾಗ ಕೈ ಬಿಡಬೇಕು, ಅಷ್ಟ.” ನನಗೆ ಆ ವಾಸನೆ ಎಂದೂ ಬರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ, ನಾನು ಸಿಂಧನೂರಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದ ವರ್ಷ, ಅಕ್ಕ ನಾಟಿ ಮುಗಿಸಿ ಬಂದಾಗ ಅವಳ ಮೊಣಕಾಲ ಕೆಳಗೆಲ್ಲ ನೀಲಿ ಕಲೆಗಳಿದ್ದವು. ಎಲ್ಲಿಯೋ ಬಡಿದಿರಬೇಕು ಎಂದುಕೊಂಡೆವು. ಬೇವಿನ ಕಡ್ಡಿ ಜಗಿದರೆ ವಸಡಿನಿಂದ ರಕ್ತ ಬರತೊಡಗಿತು. ಕೊಡ ಹೊತ್ತು ಬರುವಾಗ ಎರಡು ಕಡೆ ಕೂತು ಬರತೊಡಗಿದಳು. ರಕ್ತ ಕಡಿಮೆ ಎಂದು ಟಾನಿಕ್ ಕುಡಿಸಿದೆವು. ಟಾನಿಕ್ಕಿಗೆ ಬಗ್ಗಲಿಲ್ಲ. ರಾಯಚೂರಿಗೆ ಹೋದೆವು, ಅಲ್ಲಿಂದ ರೈಲು ಹತ್ತಿ ತಮಿಳುನಾಡಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅವ್ವ ಎಮ್ಮೆ ಮತ್ತು ಹೊಲ ನೋಡಿಕೊಂಡು ಊರಲ್ಲೇ ಉಳಿದಳು. ಆಸ್ಪತ್ರೆಯ ಖರ್ಚಿಗೆ ಮಾರಿ ಆ ಹೊಲದಲ್ಲಿ ಎಷ್ಟು ಉಳಿಯಿತು ಎನ್ನುವ ಮಾತು ಇಲ್ಲಿ ಬೇಡ.

ಸೊಂಟದ ಎಲುಬಿಗೆ ಸೂಜಿ ಹಾಕಿ ನೋಡಿದ ಡಾಕ್ಟರು ಹೇಳಿದ್ದು ಇಷ್ಟು. ರಕ್ತ ಹುಟ್ಟುವುದು ಎಲುಬಿನ ಒಳಗಿನ ಮಜ್ಜೆಯಲ್ಲಿ. ಅಕ್ಕನ ಮಜ್ಜೆ ಬರಿದಾಗಿದೆ. ಹೊಸ ರಕ್ತ ಹುಟ್ಟಿಸುವ ತಾಯಿಬೇರಿನಂಥ ಜೀವಕೋಶಗಳೇ ಸತ್ತುಹೋಗಿವೆ. ಕಾಂಡಕೋಶ ಎನ್ನುತ್ತಾರೆ ಅವಕ್ಕೆ. ಒಡಹುಟ್ಟಿದವರದು ಹೊಂದಿದರೆ ಅವರ ಮಜ್ಜೆ ತೆಗೆದು ಹಾಕಬಹುದು. ಹೊಂದುವುದು ಅದೃಷ್ಟ. ನನ್ನದು ಹೊಂದಿತು.

ನಿಜವಾದ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ನನ್ನ ಸೊಂಟದ ಎಲುಬಿನಿಂದ ಮಜ್ಜೆ ಎಳೆದು ಅಕ್ಕನ ಎಲುಬಿಗೆ ತುಂಬುತ್ತಾರೆ ಎಂದುಕೊಂಡಿದ್ದೆವು. ಹಾಗಲ್ಲವಂತೆ. ಅವಳ ಎದೆಯ ಮೇಲೆ ರಕ್ತನಾಳಕ್ಕೆ ಒಂದು ನಳಿ ಕೂಡಿಸಿದ್ದರು. ಬಾಟಲಿ ರಕ್ತ ಏರಿಸಿದಂತೆ ಅದರಲ್ಲಿ ಬಿಡುತ್ತಾರಂತೆ. ಅಷ್ಟೇ. ಉಳಿದದ್ದು ತಾನೇ ಆಗುತ್ತದಂತೆ.

ಆಸ್ಪತ್ರೆಯ ವರಾಂಡದಲ್ಲಿ ಮೂವರೂ ಕೂತು ಉಣ್ಣುತ್ತಿದ್ದಾಗ ಅಪ್ಪ ಕೇಳಿದ. “ಎದಿಗೆ ಬಿಟ್ಟದ್ದು ಎಲುಬಿಗೆ ಹೆಂಗ ಹೋಗ್ತದ?”

ನನಗೆ ಗೊತ್ತಿರಲಿಲ್ಲ. ಹೃದಯದ ಚಿತ್ರ ಬಿಡಿಸಿ ಭಾಗ ಗುರುತಿಸಿ ಅಂಕ ತಗೊಂಡವಳು ನಾನು. ರಕ್ತ ಇಡೀ ಮೈ ಸುತ್ತುತ್ತದೆ ಎನ್ನುವುದು ಗೊತ್ತಿತ್ತು. ಆದರೆ ಸುತ್ತುವುದು ಎಲುಬಿನಲ್ಲೇ ಹೇಗೆ ನಿಲ್ಲುತ್ತದೆ, ಯಾರು ನಿಲ್ಲಿಸುತ್ತಾರೆ, ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅಪ್ಪ ತುತ್ತು ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತಿದ್ದ. ಅದೇ ಬಾಗಿಲ ಚೌಕಟ್ಟಿನ ಮುಖ.

“ನಿನ್ನ ಕಾಲುವಿ ಇದ್ದಂಗ ಅಪ್ಪ,” ಎಂದೆ. “ಮ್ಯಾಲಿಂದ ಬಿಟ್ರ ಇಳಿಜಾರಿಗೆ ಹರಕೋಂತ ಹೋಗ್ತದ. ಎಲ್ಲಾ ಹೊಲಕ್ಕೂ ಮುಟ್ತದ.”

ಅಪ್ಪನಿಗೆ ಸಮಾಧಾನವಾಯಿತು. ತುತ್ತು ಬಾಯಿಗಿಟ್ಟ. ಅಕ್ಕನಿಗೆ ಆಗಲಿಲ್ಲ. ಅವಳು ಸಸಿಯ ಕೆಲಸದವಳು.

“ನಾವು ಸಸಿ ಒಂದೊಂದ ಕೈಲೆ ಹಚ್ತೀವಿ. ಇವ್ರು ಕಟ್ಟು ಬಿಚ್ಚಿ ಕಾಲುವಿಗೆ ಬಿಡ್ತಾರಂತ. ಕಾಲುವಿಗೆ ಬಿಟ್ಟ ಸಸಿ ತಾವ ಹೋಗಿ ಮಡ್ಯಾಗ ನಿಲ್ತಾವೇನು?”

“ನಿಲ್ತಾವ.”

“ಹೆಂಗ?”

“ನಿಲ್ತಾವ ಅಂದ್ನಲ್ಲ.”

ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಿಂದು ಬಾಯಿ ಒರೆಸಿಕೊಂಡಾಗ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು. “ಆತು ಬಿಡು. ಓದಿದ ಎಲುಬಿನ್ಯಾಗಿಂದು. ದಾರಿ ಗೊತ್ತಿರಬೇಕು.”

ಮೊದಲು ಅವಳಿಗೆ ಭಾರಿ ಔಷಧ ಕೊಟ್ಟರು. ಹಳೆಯ ಮಜ್ಜೆಯಲ್ಲಿ ಉಳಿದದ್ದನ್ನೂ ಸವರಿ ಜಾಗ ತೆರವು ಮಾಡುವ ಔಷಧ. ಕೂದಲು ಉದುರಿತು, ಬಾಯಿ ಹುಣ್ಣಾಯಿತು. ಒಂಟಿ ಕೋಣೆ, ಗಾಜಿನ ಬಾಗಿಲು, ಒಳಗೆ ಒಬ್ಬರಿಗೆ ಮಾತ್ರ ಅವಕಾಶ, ಅದೂ ಹಸಿರು ನಿಲುವಂಗಿ, ಟೊಪ್ಪಿಗೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು. ನೆಲ ಹದ ಮಾಡಾಕತ್ಯಾರ, ಕಳೆ ತೆಗೆಯದೆ ಸಸಿ ಹಚ್ಚಾಕ ಬರ್ತದೇನು ಎಂದು ಅಕ್ಕ ನನಗೇ ಸಮಾಧಾನ ಹೇಳಿದಳು.

ಅಕ್ಕನಿಗೆ ಮಜ್ಜೆ ಏರಿಸುವ ದಿನ ನನ್ನನ್ನು ಬೇರೆ ವಾರ್ಡಿನಲ್ಲಿ ಮಲಗಿಸಿ, ಎಚ್ಚರ ತಪ್ಪಿಸಿ, ಮಜ್ಜೆ ತೆಗೆದರು. ಎದ್ದಾಗ ಸೊಂಟಕ್ಕೆ ಎತ್ತು ಒದ್ದಂತಿತ್ತು. ಹೀಗಾಗಿ ಅಕ್ಕನ ಹತ್ತಿರ ಕೂತದ್ದು ಅಪ್ಪ ಒಬ್ಬನೇ. ಅಲ್ಲಿ ನಡೆದದ್ದನ್ನು ಅವನು ನನಗೆ ಆಮೇಲೆ ಹೇಳಿದ.

ಮಜ್ಜೆಯ ಚೀಲ ನೋಡಲು ರಕ್ತದಂತೆಯೇ ಇತ್ತು, ತುಸು ದಟ್ಟ. ಕಂಬಕ್ಕೆ ನೇತುಹಾಕಿದರು. ಹನಿ ಹನಿಯಾಗಿ ಇಳಿಯಿತು. ಮಧ್ಯಾಹ್ನಕ್ಕೆ ಮುಗಿಯಿತು. ನರ್ಸು ನೋಡಿ, ಬರೆದುಕೊಂಡು, ಹೊರಗೆ ಹೋದಳು. ಅಪ್ಪ ಕುರ್ಚಿಯಲ್ಲಿ ಕೂತು ಅಕ್ಕನನ್ನು ನೋಡಿದ. ಅವಳು ಮಟ್ಟಸವಾಗಿ ಮಲಗಿದ್ದಳು, ತಲೆ ಕಾಲು ಒಂದೇ ಸಮ. ಮೂವತ್ತು ವರ್ಷ ನೀರು ಹರಿಸಿದವನಿಗೆ ಅದು ಸರಿ ಕಾಣಲಿಲ್ಲ. ಇಳಿಜಾರೇ ಇಲ್ಲ. ಎದೆಯಲ್ಲಿ ಬಿಟ್ಟದ್ದು ಭುಜ, ಪಕ್ಕೆಲುಬು ಕುಡಿದುಬಿಡುತ್ತವೆ. ಸೊಂಟ, ತೊಡೆ, ಕಾಲು ಎಲ್ಲ ಕಾಲುವೆಯ ಕೊನೆ. ಅವಕ್ಕೆ ಏನು ಉಳಿಯುತ್ತದೆ?

ಆಸ್ಪತ್ರೆಯ ಮಂಚಗಳ ಕಾಲ ಕಡೆ ಒಂದು ಹಿಡಿಕೆ ಇರುತ್ತದೆ. ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದೆ. ಅದನ್ನು ಕಂಡಕೂಡಲೇ ಅಪ್ಪನಿಗೆ ದೇವರೇ ಇಟ್ಟಂತೆ ಅನಿಸಿತಂತೆ. ಗೇಟಿನ ಹಿಡಿಕೆಯದೇ ಆಕಾರ, ಸ್ವಲ್ಪ ಸಣ್ಣದು. ಎರಡು ಸುತ್ತು ತಿರುಗಿಸಿದ. ಒಂದಷ್ಟು ಹೊತ್ತು ಬಿಟ್ಟು ಮತ್ತೆ ಎರಡು ಸುತ್ತು. ಕಾಲುವೆಗೆ ಒಮ್ಮೆಗೇ ನೀರು ಬಿಟ್ಟರೆ ದಂಡೆ ಒಡೆಯುತ್ತದೆ ಎಂದು ಗೊತ್ತಿದ್ದವನಲ್ಲವೆ. ನರ್ಸು ಹೇಳಿರಬೇಕು ಎಂದುಕೊಂಡು ಅಕ್ಕ ಸುಮ್ಮನಿದ್ದಳು. ಸಂಜೆಯ ಹೊತ್ತಿಗೆ ಅವಳನ್ನು ಹೆಚ್ಚುಕಡಿಮೆ ನೆಟ್ಟಗೆ ಕೂಡಿಸಿಬಿಟ್ಟಿದ್ದ. ಮೈಯಲ್ಲಿ ರಕ್ತವಿಲ್ಲದವಳು, ಉಂಡದ್ದು ನಿಲ್ಲದವಳು. ಕಣ್ಣು ಮೇಲೆ ಮಾಡಿ ಪಕ್ಕಕ್ಕೆ ವಾಲಿದಳು.

ನರ್ಸುಗಳು ಓಡಿ ಬಂದರು. ಮಂಚ ಇಳಿಸಿದರು. ಅಪ್ಪನನ್ನು ಹೊರಗೆ ಕಳಿಸಿದರು. ಅವರು ಬೈದದ್ದು ತಮಿಳಿನಲ್ಲಿ. ಅರ್ಥ ಆಗಲಿಲ್ಲವಾದರೂ ಎಲ್ಲ ಅರ್ಥವಾಯಿತು ಎಂದ.

ನನ್ನ ವಾರ್ಡಿಗೆ ಬಂದಾಗ ಹಸಿರು ನಿಲುವಂಗಿ ಇನ್ನೂ ಮೈಮೇಲಿತ್ತು, ಟೊಪ್ಪಿಗೆ ಕೈಯಲ್ಲಿತ್ತು. ಅಕ್ಕನಿಗೆ ಎಚ್ಚರವಾಗಿದೆ ಎಂದು ಮೊದಲು ಹೇಳಿದ. ಆಮೇಲೆ ನನ್ನ ಮಂಚದ ಕಾಲ ಬಳಿ ನೆಲದ ಮೇಲೆ ಕೂತ.

“ನಾ ಕೆಡಿಸಿದೆ ಯವ್ವ. ಒಂದ ಸಲ ಬಿಡೋ ನೀರು ಅದು. ದಂಡಿ ಒಡದು ಎಲ್ಲೆರ ಹೋತೋ ಏನೋ.”

ಸೊಂಟದ ನೋವಿಗಿಂತ ಆ ಮಾತು ನನಗೆ ಹೆಚ್ಚು ನೋವು ಕೊಟ್ಟಿತು. ಏಕೆಂದರೆ ಆ ಹಿಡಿಕೆ ತಿರುಗಿಸಿದ್ದು ಅವನ ಕೈಯಾದರೂ ತಿರುಗಿಸಿದ ಮಾತು ನನ್ನದು. ಅನ್ನದ ತಟ್ಟೆಯ ಮುಂದೆ ಕೂತು, ಮರ್ಯಾದೆ ಉಳಿಸಿಕೊಳ್ಳಲು ಹೇಳಿದ ಮಾತು. ಅವನು ಅದನ್ನು ನಂಬಿ, ತನಗೆ ಗೊತ್ತಿದ್ದ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದ.

“ಅಪ್ಪ, ನನಗ ಗೊತ್ತಿಲ್ಲ. ಅವತ್ತು ಸುಮ್ನ ಹೇಳಿದ್ದೆ. ಅದು ಹೆಂಗ ಹೋಗ್ತದ ಅಂತ ನನಗ ಗೊತ್ತಿಲ್ಲ.”

ಅಪ್ಪ ನೆಲದಿಂದ ಎದ್ದ. ಸಿಟ್ಟಾದ ಎಂದುಕೊಂಡೆ. ಟೊಪ್ಪಿಗೆಯನ್ನು ಮಡಚಿ ಕಿಸೆಗಿಟ್ಟುಕೊಂಡ.

“ಗೊತ್ತಿಲ್ಲಂದ್ರ ಕೇಳ್ಕೊಂಡು ಬಾ,” ಎಂದ. “ನನ್ನ ಕೂಡ ಅವ್ರು ಮಾತಾಡಂಗಿಲ್ಲ. ನಿನ್ನ ಕೂಡ ಮಾತಾಡ್ತಾರ. ಅದಕ್ಕ ಓದಿಸೀನಿ ನಿನ್ನ.”

ಮರುದಿನ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋದೆ. ಅಲ್ಲಿದ್ದ ಕಿರಿಯ ಡಾಕ್ಟರಮ್ಮನ ತವರು ಬಳ್ಳಾರಿ ಕಡೆ. ತೆಲುಗಿನ ರಾಗದಲ್ಲಿ ಕನ್ನಡ ಮಾತಾಡುತ್ತಿದ್ದಳು. ನಡೆದದ್ದೆಲ್ಲ ಹೇಳಿದೆ, ನನ್ನ ಸುಳ್ಳನ್ನೂ ಸೇರಿಸಿ. ನಗುತ್ತಾಳೆ ಎಂದು ಹೆದರಿದ್ದೆ, ನಗಲಿಲ್ಲ. ಕೆಟ್ಟದ್ದೇನೂ ಇಲ್ಲ, ತಲೆ ಸುತ್ತಿ ಬಿದ್ದಿದ್ದಾರೆ ಅಷ್ಟೆ, ಮಜ್ಜೆ ಎಲ್ಲಿಯೂ ಚೆಲ್ಲಿಲ್ಲ ಎಂದಳು. ಆಮೇಲೆ ಒಂದು ರಿಪೋರ್ಟಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದಳು.

ಇಳಿಜಾರಿನ ಮಾತೇ ಇಲ್ಲಿಲ್ಲ, ಹೃದಯ ಪಂಪು ಎಂದಳು. ಹಾಕಿದ ಕಾಂಡಕೋಶಗಳು ರಕ್ತದ ಜೊತೆ ಮೊದಲು ಶ್ವಾಸಕೋಶಕ್ಕೆ ಹೋಗುತ್ತವೆ. ಅಲ್ಲಿ ಬಹಳಷ್ಟು ಸಿಕ್ಕಿಕೊಳ್ಳುತ್ತವೆ. ಹೊಟ್ಟೆಯ ಎಡಬದಿಯ ಗುಲ್ಮದಲ್ಲಿ ಇನ್ನಷ್ಟು. ಮೇಲಿನವರು ಕುಡಿಯುತ್ತಾರೆ ಎಂದು ನಿಮ್ಮ ತಂದೆ ಹೆದರಿದ್ದು ಪೂರಾ ತಪ್ಪಲ್ಲ ಎಂದಳು. ಉಳಿದವು ಮೈತುಂಬ ಸುತ್ತುತ್ತವೆ. ಎಲುಬಿನ ಒಳಗಿನ ಸಣ್ಣ ನಾಳಗಳಲ್ಲಿ ರಕ್ತದ ಓಟ ನಿಧಾನ. ಅಲ್ಲಿಯ ಗೋಡೆಗೆ ಒಂದು ಬಗೆಯ ಅಂಟಿನ ಕೈಗಳಿವೆ. ಬರುವ ಕೋಶ ಆ ಗೋಡೆಗೆ ತಾಗಿ, ಉರುಳಿ, ಮತ್ತೆ ತಾಗಿ, ಉರುಳುತ್ತ ಉರುಳುತ್ತ ನಿಲ್ಲುತ್ತದೆ. ನಿಂತದ್ದು ಗೋಡೆಯ ಸಂದಿನಲ್ಲಿ ನುಸುಳಿ ಹೊರಗೆ ಇಳಿಯುತ್ತದೆ. ಅಲ್ಲಿಯೇ ನೆಲೆ ಹಿಡಿದು ಹೊಸ ರಕ್ತ ಹುಟ್ಟಿಸುತ್ತದೆ. ಔಷಧದಿಂದ ಗಾಯವಾಗಿ ಬರಿದಾದ ಎಲುಬು ಒಂದು ಬಗೆಯಲ್ಲಿ ಅವನ್ನು ಕರೆಯುತ್ತದೆ. ಗಾಯ ಇದ್ದಲ್ಲಿಯೇ ಕರೆ ಇರುವುದು.

“ಕರೆಯೋದು ಅಂದರೆ ಏನು ಮೇಡಂ? ಏನು ಕರೆಯುತ್ತದೆ?” ಎಂದು ಕೇಳಿದೆ.

“ಗೊತ್ತಿಲ್ಲಮ್ಮ,” ಎಂದಳು. “ಏನೋ ಒಂದು ಐತೆ. ಹುಡುಕ್ತಾ ಇದಾರೆ.”

ಚಹಾ ತಣ್ಣಗಾಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ಅಷ್ಟು ಓದಿದವಳು, ಕೊರಳಲ್ಲಿ ಸ್ಟೆತಾಸ್ಕೋಪು ಹಾಕಿಕೊಂಡವಳು, ತನ್ನದೇ ಕುರ್ಚಿಯಲ್ಲಿ ಕೂತು. ಗೋಡೆ ಹಿಡಿದುಕೊಂಡು ವಾಪಸು ಬರುವಾಗ ಸೊಂಟ ನೋಯುತ್ತಿತ್ತು, ಆದರೆ ಎದೆ ಹಗುರಾಗಿತ್ತು.

ಬಾಗಿಲಾಚೆ ನಿಂತಿದ್ದ ಅಪ್ಪನಿಗೆ ಹೇಳಿದೆ. ನಿಲುವಂಗಿ ತೊಟ್ಟು ಒಳಗೆ ಹೋಗಿ ಅಕ್ಕನಿಗೂ ಹೇಳಿದೆ. ಸುಳ್ಳು ಹೇಳಿದ್ದನ್ನು ಮೊದಲು ಒಪ್ಪಿಕೊಂಡೆ. ಅದು ಅವತ್ತೇ ಗೊತ್ತಿತ್ತು, ಮುಂದಿಂದು ಹೇಳು ಎಂದಳು. ಗೋಡೆ, ಅಂಟು, ಉರುಳುವುದು, ನುಸುಳುವುದು ಎಲ್ಲ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. ನಿದ್ದೆ ಹತ್ತಿತೇನೋ ಎಂದುಕೊಂಡೆ.

“ಹಂಗಾದ್ರ ಪೂಲಿನ ಹತ್ರ ಇಳಿದಂಗ,” ಎಂದಳು.

ನನಗೆ ತಕ್ಷಣ ಹೊಳೆಯಲಿಲ್ಲ. ಹುಣ್ಣಾದ ಬಾಯಿಯಲ್ಲಿ ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಬಸ್ಸು ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಸರಳು ಹಿಡಿದವಳು ಒಂದೆರಡು ಹೆಜ್ಜೆ ಬಸ್ಸಿನ ಜೊತೆ ಓಡಿ ಕೈ ಬಿಡುತ್ತಾಳೆ. ಕೆಸರಿನ ವಾಸನೆ ಕರೆಯುತ್ತದೆ. ಯಾರೂ ಇಳಿಸುವುದಿಲ್ಲ, ಇಳಿಯಬೇಕಾದವಳಿಗೆ ಗೊತ್ತಾಗುತ್ತದೆ. “ದಾಟಿ ಹೋದಾಕಿಗೂ ಚಿಂತಿಲ್ಲ. ಬಸ್ಸು ಸಿಂಧನೂರಿಗೆ ಹೋಗಿ ತಿರುಗಿ ಬರ್ತದಲ್ಲ, ಬರುವಾಗ ಇಳೀತಾಳ.” ಕಣ್ಣು ತೆರೆದು ನನ್ನ ಕಡೆ ನೋಡಿದಳು. “ನಿನ್ನವಲ್ಲ? ಎರಡು ಸಲ ದಾಟಿ ಹೋಗ್ತಾವ ನೋಡು ಬೇಕಾದ್ರ.”

ನಾನು ನಕ್ಕೆ. ಬಾಯಿಗೆ ಕಟ್ಟಿದ ಬಟ್ಟೆಯೊಳಗೆ ನಗು ಅಳು ಎರಡೂ ಒಂದೇ ಥರ ಕೇಳಿಸುತ್ತವೆ.

ಆಮೇಲೆ ಕಾಯುವುದಷ್ಟೇ ಉಳಿಯಿತು. ಬಿಳಿ ರಕ್ತಕಣದ ಲೆಕ್ಕ ಏರಿದರೆ ಮಜ್ಜೆ ನಾಟಿದೆ ಎಂದು ಅರ್ಥ. ನರ್ಸು ದಿನಾ ಬೆಳಿಗ್ಗೆ ಬಾಗಿಲ ಮೇಲಿನ ಹಾಳೆಯಲ್ಲಿ ಬರೆಯುತ್ತಿದ್ದಳು. ಇದ್ದೂ ಇಲ್ಲದಂಥ ಸಂಖ್ಯೆ. ಮರುದಿನವೂ ಅದೇ. ಜ್ವರ ಬಂತು, ಹೋಯಿತು, ಮತ್ತೆ ಬಂತು. ಒಂದು ವಾರ ಮಾತಾಡುವ ಶಕ್ತಿಯೂ ಅಕ್ಕನಿಗೆ ಇರಲಿಲ್ಲ. ಒಂದು ದಿನ ಮಾತ್ರ, ನನ್ನ ಮುಖ ನೋಡಿ ಹೇಳಿದಳು. “ಹಚ್ಚಿದ ಮ್ಯಾಲ ಸಸಿ ಹಳದಿ ತಿರುಗ್ತಾವ. ಮಡಿ ನೋಡಿದ್ರ ಸತ್ತಂಗ ಕಾಣ್ತದ. ಆವಾಗ ಯಾರೂ ಕಿತ್ತು ನೋಡಬಾರದು.”

ಅಪ್ಪನನ್ನು ಮತ್ತೆ ಒಳಗೆ ಬಿಟ್ಟರು. ಆದರೆ ನರ್ಸು ಮಂಚದ ಹಿಡಿಕೆಗೆ ಬ್ಯಾಂಡೇಜು ಬಟ್ಟೆ ಸುತ್ತಿ ಗಂಟು ಹಾಕಿದ್ದಳು. ಅಪ್ಪ ಅದರ ಕಡೆ ನೋಡದೆ ಎರಡೂ ಕೈ ಮೊಣಕಾಲ ಸಂದಿನಲ್ಲಿಟ್ಟುಕೊಂಡು ಕೂರುತ್ತಿದ್ದ. ತಿರುಗಿಸಲು ಏನೂ ಇಲ್ಲದೆ ಅಷ್ಟು ದಿನ ಅವನು ಕೂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಮೂರನೇ ವಾರದ ಒಂದು ಬೆಳಿಗ್ಗೆ ಹಾಳೆಯ ಮೇಲಿನ ಸಂಖ್ಯೆ ಬೇರೆಯಿತ್ತು. ಸ್ವಲ್ಪವೇ ಬೇರೆ. ತಪ್ಪಿ ಬರೆದಿರಬೇಕು ಎಂದುಕೊಂಡು ಯಾರಿಗೂ ಹೇಳಲಿಲ್ಲ. ಮರುದಿನ ಇನ್ನೂ ಏರಿತು. ಅದರ ಮರುದಿನ ನರ್ಸು ಬರೆದು, ಸಂಖ್ಯೆಯ ಕೆಳಗೆ ಒಂದು ಗೆರೆ ಎಳೆದು, ಅಪ್ಪನಿಗೆ ಬೆರಳು ಮಾಡಿ ತೋರಿಸಿದಳು. ಅಪ್ಪನಿಗೆ ಅಂಕಿ ಓದಲು ಬರುತ್ತಿತ್ತು. ಗೇಟಿನ ಮಟ್ಟ ಓದಿದವನು.

ಕೆಲವು ದಿನ ಬಿಟ್ಟು ಸೊಂಟದ ಎಲುಬಿಗೆ ಮತ್ತೆ ಸೂಜಿ ಹಾಕಿ ನೋಡಿದರು. ಮಜ್ಜೆ ತುಂಬಿಕೊಳ್ಳುತ್ತಿದೆ ಎಂದರು. ಅಪ್ಪ ಡಾಕ್ಟರಮ್ಮನಿಗೆ ಕೈ ಮುಗಿದು, ಕೆಳಗಿನ ತನಕ, ಕಾಲಿನ ತನಕ ಮುಟ್ಟಿದೆಯೇ ಎಂದು ನನ್ನಿಂದ ಕೇಳಿಸಿದ. ದೊಡ್ಡವರಲ್ಲಿ ರಕ್ತ ಹುಟ್ಟುವುದು ಹೆಚ್ಚಾಗಿ ಸೊಂಟ, ಬೆನ್ನು, ಪಕ್ಕೆಲುಬುಗಳಲ್ಲಿ, ಕಾಲಿನ ಕೆಳಗಿನ ಎಲುಬಿನಲ್ಲಿ ಅಲ್ಲ ಎಂದು ಅವಳು ಹೇಳಿದಳು. ಅಪ್ಪನಿಗೆ ಸರಿಯೆನಿಸಲಿಲ್ಲ. ಕೊನೆಯ ಹೊಲಗಳನ್ನು ಬೀಳು ಬಿಟ್ಟ ಲೆಕ್ಕ ಅವನಿಗೆ ಎಂದೂ ಸರಿ ಕಂಡಿಲ್ಲ.

ಮುಂದಿನ ವರ್ಷದ ಪರೀಕ್ಷೆಯಲ್ಲಿ ಅಕ್ಕನ ರಕ್ತದ ಗುಂಪೇ ಬದಲಾಗಿತ್ತು. ನನ್ನ ಗುಂಪು ಅವಳಿಗೆ ಬಂದಿತ್ತು. ಹಾಗಾಗುತ್ತದೆಂದು ಮೊದಲೇ ಹೇಳಿದ್ದರು. ಅಕ್ಕ ಆ ಕಾಗದವನ್ನು ಮಡಚಿ ಟ್ರಂಕಿನಲ್ಲಿ ಇಟ್ಟಳು, ನನ್ನ ಡಿಗ್ರಿ ಸರ್ಟಿಫಿಕೇಟಿನ ಪಕ್ಕಕ್ಕೆ. “ಅರ್ಧ ಬಿಎಸ್ಸಿ ನನಗೂ ಆತು,” ಎಂದು ಓಣಿಯವರಿಗೆ ಹೇಳುತ್ತಿದ್ದಳು. ಆಮೇಲೆ ಕಾಗದ ಹಿಡಿದುಕೊಂಡು ಬಂದವರನ್ನು ನಾನು ಊರಲ್ಲಿ ಇಲ್ಲದಾಗ ಅವಳೇ ಕೂಡಿಸಿ ಕೇಳುತ್ತಿದ್ದಳು. ಗೊತ್ತಿದ್ದರೆ ಹೇಳುತ್ತಿದ್ದಳು, ಇಲ್ಲದಿದ್ದರೆ ನನ್ನ ತಂಗಿಗೂ ಗೊತ್ತಿರಲಿಕ್ಕಿಲ್ಲ ಎಂದು ನಗುತ್ತಿದ್ದಳು.

ಎಲುಬಿನಿಂದ ಕರೆಯುವುದು ಏನೆಂದು ಆಮೇಲೆ ಪತ್ತೆಯಾಯಿತಂತೆ. ಮಜ್ಜೆಯೊಳಗಿನ ಕೋಶಗಳು ಹೊರಸೂಸುವ ಒಂದು ಬಗೆಯ ರಾಸಾಯನಿಕ, ಗಾಯವಾದ ಬೇರೆ ಅಂಗಗಳಲ್ಲೂ ಅದೇ ಹೆಚ್ಚಾಗುತ್ತದೆ ಎಂದು ಎಷ್ಟೋ ವರ್ಷದ ಮೇಲೆ ಒಂದು ಲೇಖನದಲ್ಲಿ ಓದಿದೆ. ಓದಿ ಅಪ್ಪನಿಗೆ ಹೇಳಿದೆ. ಹಂಗಾದ್ರ ನಿಮ್ಮಕ್ಕ ಕೆಸರಿನ ವಾಸನಿ ಕರೀತದ ಅಂದಿದ್ದ ಖರೇ ಆತಲ್ಲ ಎಂದ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ನಾವು ಊರಿಗೆ ಮರಳಿದ ದಿನ. ನಾಲ್ಕೈದು ತಿಂಗಳು ಆಸ್ಪತ್ರೆ, ಅದರ ಹತ್ತಿರದ ಬಾಡಿಗೆ ಕೋಣೆ ಎಂದು ಕಳೆದು, ರಾಯಚೂರಿನಲ್ಲಿ ರೈಲಿಳಿದು, ಸಿಂಧನೂರಿನಲ್ಲಿ ಮಸ್ಕಿಯ ಬಸ್ಸು ಹತ್ತಿದ್ದೆವು. ಅಕ್ಕ ಕಿಟಕಿಯ ಕಡೆ, ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಮೂಗು ಬಾಯಿಗೆ ದಪ್ಪ ಬಟ್ಟೆ ಕಟ್ಟಿತ್ತು. ಕಿಟಕಿಯ ಗಾಜು ಹಾಕಿತ್ತು. ತಲೆಯ ಮೇಲೆ ಹೊಸ ಕೂದಲು ಎಳೆ ಭತ್ತದ ಹಾಗೆ ನಿಂತಿತ್ತು. ಅಪ್ಪ ಬಾಗಿಲ ಹತ್ತಿರ ಸರಳು ಹಿಡಿದು ನಿಂತಿದ್ದ. ನಮ್ಮನ್ನು ಮಸ್ಕಿಗೆ ಕಳಿಸಿ ತಾನು ಕಾಲುವೆಯ ಹತ್ತಿರ ಇಳಿದು, ಅಷ್ಟು ತಿಂಗಳು ಬಿಟ್ಟ ಗೇಟು ನೋಡಿ ಬರುವುದು ಅವನ ಅವಸರ.

ಡ್ರೈವರ್ ಬ್ರೇಕು ಒತ್ತುವ ಮುಂಚೆಯೇ ನನ್ನ ಭುಜದ ಭಾರ ಹಗುರಾಯಿತು. ಅಕ್ಕ ಕಣ್ಣು ಮುಚ್ಚಿಕೊಂಡೇ ಮುಂದಿನ ಸೀಟಿನ ಸರಳು ಹಿಡಿದು ಅರ್ಧ ಎದ್ದಿದ್ದಳು. ಆಮೇಲೆ ಬಸ್ಸು ಜಗ್ಗಿತು. ಪೂಲು ಬಂದಿತ್ತು.

ಇವತ್ತು ನಮ್ಮದು ಇಲ್ಲಿ ಇಳಿಯುವುದಲ್ಲ ಎಂದು ಕೈ ಹಿಡಿದು ಕೂಡಿಸಿದೆ. ಕೂತಳು. ಎಚ್ಚರವೇ ಆಗಲಿಲ್ಲ, ಮತ್ತೆ ನನ್ನ ಭುಜಕ್ಕೆ ಒರಗಿದಳು.

ಅಪ್ಪ ಬಾಗಿಲಿನಿಂದ ನೋಡುತ್ತಿದ್ದ. “ಮೂಗಿಗೆ ಬಟ್ಟಿ ಕಟ್ಟೀವಿ, ಕಣ್ಣು ಮುಚ್ಚ್ಯಾಳ. ಹೆಂಗ ಗೊತ್ತಾತು ಈಕಿಗೆ?”

ಅವನು ಕೇಳಿದ್ದು ನನ್ನನ್ನು. ಬಸ್ಸಿನಲ್ಲಿ ಅಷ್ಟು ಜನ ಇದ್ದರೂ ನನ್ನನ್ನೇ.

“ಗೊತ್ತಿಲ್ಲ ಅಪ್ಪ,” ಎಂದೆ.

ತಲೆ ಆಡಿಸಿದ. ಒಂದೆರಡು ಹೆಜ್ಜೆ ಬಸ್ಸಿನ ಜೊತೆ ಓಡಿ, ಕೈ ಬಿಟ್ಟು, ದಂಡೆಯ ಮೇಲೆ ನಿಂತ.